ಹ್ಯಾಲೋಜನ್ ಬಲ್ಬ್ ಪದೇ ಪದೇ ಯಾಕೆ ಹೋಗುತ್ತದೆ?

ಮನೆಯ ಕರೆಂಟ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹ್ಯಾಲೋಜನ್ ಬಲ್ಬಿನ ದೂರುಗಳೇ ಜಾಸ್ತಿ. ಹಾಗಾಗಿ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಹಾಲ್‌ಗೆ ಪಿಒಪಿ ಸೀಲಿಂಗ್ ಮಾಡಿಸಿ ಆರು ಹ್ಯಾಲೋಜನ್ ಸ್ಪಾಟ್ ಲೈಟ್ ಹಾಕಿಸಿದ್ದೇವೆ. ಬಲ್ಬಿನ ಮೇಲೆ 12 ವೋಲ್ಟ್, 50 ವ್ಯಾಟ್ ಅಂತ ಇದೆ. ಟಿವಿ ಮೇಲಿನ ಎರಡು ಬಲ್ಬ್ ಮಾತ್ರ ಎರಡು ಮೂರು ತಿಂಗಳಿಗೆ ಹೋಗ್ತಾ ಇವೆ. ಉಳಿದ ನಾಲ್ಕು ಒಂದೂವರೆ ವರ್ಷದಿಂದ ಚೆನ್ನಾಗಿವೆ. ಅಂಗಡಿಯವರು ಬೇರೆ ಕಂಪನಿಯದು ಹಾಕಿ ಅಂತಾರೆ, ಎಲೆಕ್ಟ್ರಿಷಿಯನ್ ನಿಮ್ಮ ಏರಿಯಾದಲ್ಲಿ ವೋಲ್ಟೇಜ್ ಸರಿಯಿಲ್ಲ ಅಂತಾರೆ. ಯಾರ ಮಾತು ಕೇಳೋದು?
— ಗೃಹಿಣಿಯೊಬ್ಬರು, ದಾವಣಗೆರೆ

ಉತ್ತರ: ಮೇಡಂ, ಉತ್ತರದ ಅರ್ಧ ಭಾಗ ನಿಮ್ಮ ಪತ್ರದಲ್ಲೇ ಇದೆ. ವೋಲ್ಟೇಜ್ ಕೆಟ್ಟಿದ್ದರೆ ಆರೂ ಬಲ್ಬಿಗೆ ಏಟು ಬೀಳಬೇಕಿತ್ತು. ಬಲ್ಬಿನ ಕಂಪನಿ ಕೆಟ್ಟದ್ದಾಗಿದ್ದರೂ ಅಷ್ಟೇ, ಒಂದೇ ಡಬ್ಬದಿಂದ ತೆಗೆದ ಬಲ್ಬುಗಳು ಎಲ್ಲಿ ಹಾಕಿದರೂ ಹೋಗಬೇಕಿತ್ತು. ಒಂದೇ ಜಾಗದ ಬಲ್ಬ್ ಮತ್ತೆ ಮತ್ತೆ ಹೋಗುತ್ತಿದ್ದರೆ ತೊಂದರೆ ಆ ಜಾಗದಲ್ಲಿದೆ. ಅಂದರೆ ಹೋಲ್ಡರ್‌ನಲ್ಲಿ, ಅದರ ಹಿಂದೆ 230 ವೋಲ್ಟನ್ನು 12ಕ್ಕೆ ಇಳಿಸುವ ಟ್ರಾನ್ಸ್‌ಫಾರ್ಮರ್‌ನಲ್ಲಿ, ಇಲ್ಲವೇ ಸೀಲಿಂಗ್ ಒಳಗಿನ ಕಾವಿನಲ್ಲಿ.

ಮೊದಲು ಹೋಲ್ಡರ್ ನೋಡಿಸಿ. ಮೇನ್ ಸ್ವಿಚ್ ಆಫ್ ಮಾಡಿ, ಬಲ್ಬ್ ಪೂರ್ತಿ ತಣ್ಣಗಾದ ಮೇಲೆ ಹೊರಗೆ ಎಳೆಯಿರಿ. ಬಲ್ಬಿನ ಹಿಂದೆ ಎರಡು ಪಿನ್ ಇರುತ್ತವೆ. ಹೊಸ ಬಲ್ಬಿನಲ್ಲಿ ಅವು ಬೆಳ್ಳಗೆ ಹೊಳೆಯುತ್ತವೆ. ನಿಮ್ಮ ಹಳೇ ಬಲ್ಬಿನ ಪಿನ್ ಕಪ್ಪಾಗಿದ್ದರೆ, ನೀಲಿಗಟ್ಟಿದ್ದರೆ, ಉಗುರಿನಲ್ಲಿ ಸವರಿದಾಗ ಸಣ್ಣ ಸಣ್ಣ ಗುಳಿ ಸಿಕ್ಕರೆ ಕಾರಣ ಸಿಕ್ಕಿತು ಅಂತಲೇ ತಿಳಿಯಿರಿ. ಹೋಲ್ಡರ್ ಒಳಗಿನ ಹಿತ್ತಾಳೆ ಪಟ್ಟಿ ಕಾವಿಗೆ ಸಡಿಲವಾಗಿರುತ್ತದೆ. ಪಿನ್ ಗಟ್ಟಿಯಾಗಿ ಕೂರುವುದಿಲ್ಲ. ಸಡಿಲವಾದ ಜಾಗದಲ್ಲಿ ಕಿಡಿ ಹಾರುತ್ತದೆ, ಕಿಡಿಯಿಂದ ಇನ್ನಷ್ಟು ಕಾವು, ಕಾವಿನಿಂದ ಪಟ್ಟಿ ಇನ್ನಷ್ಟು ಸಡಿಲ. ಅಲ್ಲಿಗೆ ಎಷ್ಟೇ ಒಳ್ಳೆಯ ಬಲ್ಬ್ ತಂದು ಹಾಕಿದರೂ ಬಾಳುವುದಿಲ್ಲ.

12 ವೋಲ್ಟ್ ಬಲ್ಬಿನಲ್ಲಿ ಈ ತೊಂದರೆ ಯಾಕೆ ಜಾಸ್ತಿ ಗೊತ್ತಾ? ಲೆಕ್ಕ ನೋಡಿ. 230 ವೋಲ್ಟಿನ 50 ವ್ಯಾಟ್ ಬಲ್ಬ್ ಎಳೆಯುವುದು ಸುಮಾರು 0.22 ಆಂಪಿಯರ್. ಅದೇ 50 ವ್ಯಾಟ್ ಬಲ್ಬ್ 12 ವೋಲ್ಟಿನದಾದರೆ 4 ಆಂಪಿಯರ್‌ಗೂ ಜಾಸ್ತಿ ಎಳೆಯುತ್ತದೆ. ಅಷ್ಟು ಕರೆಂಟು ಆ ಎರಡು ತೆಳು ಪಿನ್‌ಗಳ ಮೂಲಕವೇ ಹೋಗಬೇಕು. ಸ್ವಲ್ಪ ಸಡಿಲ ಇದ್ದರೂ ಸಾಕು, ಅಲ್ಲಿ ಕಾದು ಸುಡುತ್ತದೆ. ಆದ್ದರಿಂದ ಬಲ್ಬ್ ಜೊತೆಗೆ ಹೋಲ್ಡರನ್ನೂ ಬದಲಾಯಿಸಿ. ಪಿಂಗಾಣಿ ಹೋಲ್ಡರ್, ಕಾವು ತಡೆಯುವ ಸಿಲಿಕೋನ್ ವಯರ್ ಇರುವುದನ್ನೇ ಕೇಳಿ ತನ್ನಿ. ಇದು ದೊಡ್ಡ ಖರ್ಚಿನ ಬಾಬತ್ತಲ್ಲ, ಆದರೂ ಹೆಚ್ಚಿನ ಮನೆಗಳಲ್ಲಿ ಇದೊಂದನ್ನು ಬಿಟ್ಟು ಬಾಕಿ ಎಲ್ಲವನ್ನೂ ಬದಲಾಯಿಸಿರುತ್ತಾರೆ.

ಇನ್ನು ಸೀಲಿಂಗ್ ಒಳಗಿನ ಕಾವು. ನೀವು ಹಾಕಿಸಿರುವಂಥ ಸ್ಪಾಟ್ ಲೈಟಿನ ಬಟ್ಟಲಿಗೆ ಒಳಗಡೆ ಒಂದು ವಿಶೇಷ ಲೇಪ ಇರುತ್ತದೆ. ಅದು ಬೆಳಕನ್ನು ಮುಂದಕ್ಕೆ ಕಳಿಸಿ, ಕಾವಿನ ಬಹುಪಾಲನ್ನು ಹಿಂದಕ್ಕೆ ಬಿಡುತ್ತದೆ. ಕೆಳಗೆ ಕೂತವರಿಗೆ ಸೆಕೆ ಆಗಬಾರದು ಅಂತ ಈ ಏರ್ಪಾಡು. ಆದರೆ ಆ ಕಾವೆಲ್ಲ ಹೋಗಿ ಸೇರುವುದು ನಿಮ್ಮ ಸೀಲಿಂಗ್ ಒಳಕ್ಕೆ. ಟಿವಿ ಮೇಲಿನ ಭಾಗದಲ್ಲಿ ಸೀಲಿಂಗನ್ನು ಇನ್ನೊಂದು ಮೆಟ್ಟಿಲು ಇಳಿಸಿ ಪೆಟ್ಟಿಗೆ ಥರ ಮಾಡಿರುವುದುಂಟು, ಅಲ್ಲಿ ಗಾಳಿ ಆಡುವುದಿಲ್ಲ. ಬಲ್ಬಿನ ತಂತಿ ಗಾಜಿನಿಂದ ಹೊರಗೆ ಬರುವ ಜಾಗವನ್ನು ತೆಳ್ಳನೆಯ ಮಾಲಿಬ್ಡಿನಮ್ ಹಾಳೆಯಿಂದ ಮುಚ್ಚಿರುತ್ತಾರೆ. ಆ ಜಾಗ ಸುಮಾರು 350 ಡಿಗ್ರಿ ದಾಟಿದರೆ ಹಾಳೆ ತುಕ್ಕು ಹಿಡಿದಂತಾಗಿ ಉಬ್ಬುತ್ತದೆ, ಗಾಜು ಬಿರುಕು ಬಿಡುತ್ತದೆ, ಒಳಗೆ ಗಾಳಿ ಹೋಗುತ್ತದೆ. ಆಮೇಲೆ ಬಲ್ಬಿನ ಕಥೆ ಮುಗಿಯಿತು. ಮೇಲೆ ಥರ್ಮಾಕೋಲ್ ತುಂಡು, ಪ್ಯಾಕಿಂಗ್ ಪೇಪರ್, ವಯರಿನ ಸುರುಳಿ ಏನಾದರೂ ಉಳಿದಿದೆಯಾ ನೋಡಿಸಿ. ಇದ್ದರೆ ಇವತ್ತೇ ತೆಗೆಸಿ. ಅದು ಬೆಂಕಿಗೂ ದಾರಿ.

ಹಾಗೆಯೇ ಆ ಎರಡು ಬಲ್ಬುಗಳಿಗೆ ಸೇರಿ ಒಂದೇ ಟ್ರಾನ್ಸ್‌ಫಾರ್ಮರ್ ಇದೆಯಾ ಅಂತ ಕೇಳಿ. ಹಳೇ ಕಾಲದ ಭಾರದ, ಕಬ್ಬಿಣದ ಟ್ರಾನ್ಸ್‌ಫಾರ್ಮರ್ ಆದರೆ ಇನ್ನೊಂದು ಸಂಗತಿ ಇದೆ. ಅದರ ಮೇಲೆ ಲೋಡ್ ಕಡಿಮೆಯಾದಷ್ಟೂ ಅದು ಕೊಡುವ ವೋಲ್ಟೇಜ್ ಏರುತ್ತದೆ. ಒಂದು ಬಲ್ಬ್ ಹೋಯಿತು, ‘ನಾಳೆ ಹಾಕೋಣ ಬಿಡು’ ಅಂತ ಬಿಟ್ಟರೆ ಉಳಿದ ಬಲ್ಬ್ ಜಾಸ್ತಿ ಉರಿದು ಅದೂ ಬೇಗ ಹೋಗುತ್ತದೆ. ಹೋದ ಬಲ್ಬನ್ನು ಕೂಡಲೇ ಬದಲಾಯಿಸಬೇಕು ಅನ್ನುವುದು ಇದಕ್ಕೇ.

ಒಂದು ಕೆಲಸ ಮಾಡಿ. ಮುಂದಿನ ಸಲ ಬಲ್ಬ್ ಹೋದಾಗ ಕಸದ ಬುಟ್ಟಿಗೆ ಹಾಕಬೇಡಿ. ಬೆಳಕಿಗೆ ಹಿಡಿದು ಒಳಗಿನ ಸಣ್ಣ ಗಾಜಿನ ಗುಂಡು ನೋಡಿ. ಗಾಜು ತಿಳಿಯಾಗಿದ್ದು ಒಳಗಿನ ತಂತಿ ಮಾತ್ರ ತುಂಡಾಗಿದ್ದರೆ ಅದು ಆಯುಸ್ಸು ತೀರಿದ್ದು, ಇಲ್ಲವೇ ಅದುರಿಗೆ ಅಥವಾ ಜಾಸ್ತಿ ವೋಲ್ಟೇಜ್‌ಗೆ ಹೋದದ್ದು. ಒಳಗೆ ಬಿಳಿ ಹಳದಿ ಪುಡಿ ಕೂತಿದ್ದರೆ ಗಾಳಿ ಹೊಕ್ಕು ಟಂಗ್‌ಸ್ಟನ್ ಸುಟ್ಟಿದೆ, ಅಂದರೆ ಸೀಲ್ ಒಡೆದಿದೆ, ಕಾವು ಜಾಸ್ತಿ ಅಂತ ಅರ್ಥ. ಗಾಜಿನ ಹೊರಮೈ ಮೇಲೆ ಒಂದು ಕಡೆ ಹಾಲಿನ ಬಣ್ಣದ ಕಲೆ ಎದ್ದಿದ್ದರೆ ಯಾರೋ ಬರಿಗೈಯಲ್ಲಿ ಮುಟ್ಟಿರಬಹುದು. ಗಾಜು ಪೂರ್ತಿ ಕಪ್ಪಾಗಿದ್ದರೆ ಬಲ್ಬು ಬೇಕಾದಷ್ಟು ಕಾಯದೆ ಮಂದವಾಗಿ ಉರಿದಿದೆ. ಇಷ್ಟು ನೋಡಿಕೊಂಡು ಎಲೆಕ್ಟ್ರಿಷಿಯನ್‌ಗೆ ಹೇಳಿದರೆ ಅವರ ಕೆಲಸವೂ ಸಲೀಸು, ನಿಮ್ಮ ದುಡ್ಡೂ ಉಳಿಯುತ್ತದೆ.

ಪ್ರಶ್ನೆ: ಹ್ಯಾಲೋಜನ್ ಬಲ್ಬ್ ಜಾಸ್ತಿ ಬಾಳಿಕೆ ಬರುತ್ತೆ ಅಂತ ಕೇಳಿದ್ದೆ. ಒಳಗಿನ ತಂತಿ ತಾನೇ ರಿಪೇರಿ ಆಗುತ್ತದಂತೆ, ನಿಜವಾ? ಹಾಗಿದ್ದರೆ ಯಾಕೆ ಸುಟ್ಟು ಹೋಗಬೇಕು?
— ಪಿಯುಸಿ ವಿದ್ಯಾರ್ಥಿ, ಹಾಸನ

ಉತ್ತರ: ಒಳ್ಳೆ ಪ್ರಶ್ನೆ. ಅರ್ಧ ನಿಜ.

ಬಲ್ಬ್ ಒಳಗಿನ ತಂತಿ ಟಂಗ್‌ಸ್ಟನ್‌ನದು. ಉರಿಯುವಾಗ ಅದು 2500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಷ್ಟು ಕಾವಿಗೆ ಲೋಹದ ಮೈಯಿಂದ ಕಣಗಳು ಆವಿಯಾಗಿ ಏಳುತ್ತಲೇ ಇರುತ್ತವೆ. ಹಳೇ ಬುರುಡೆ ಬಲ್ಬ್‌ನಲ್ಲಿ ಈ ಆವಿ ಗಾಜಿಗೆ ಅಂಟಿ ಗಾಜು ಕಪ್ಪಾಗುತ್ತಿತ್ತು, ನೀವೂ ನೋಡಿರಬಹುದು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವರು ಬಲ್ಬಿನ ಒಳಗೆ ಸ್ವಲ್ಪ ಅಯೋಡಿನ್ ಸೇರಿಸಿದರು. ಇದರ ಪೇಟೆಂಟ್ ಸಿಕ್ಕಿದ್ದು 1959ರಲ್ಲಿ. ಅಯೋಡಿನ್, ಬ್ರೋಮಿನ್ ಇವೆಲ್ಲ ಹ್ಯಾಲೋಜನ್ ಗುಂಪಿನವು ಅಂತ ನಿಮ್ಮ ಕೆಮಿಸ್ಟ್ರಿ ಪಾಠದಲ್ಲೇ ಬಂದಿರುತ್ತದೆ. ಗಾಜಿನ ಹತ್ತಿರ ಬಂದ ಟಂಗ್‌ಸ್ಟನ್ ಕಣದ ಜೊತೆ ಹ್ಯಾಲೋಜನ್ ಸೇರಿಕೊಳ್ಳುತ್ತದೆ, ಮತ್ತೆ ಸುತ್ತಾಡಿ ತಂತಿಯ ಹತ್ತಿರ ಹೋದಾಗ ಅಲ್ಲಿನ ಕಾವಿಗೆ ಬೇರೆಯಾಗಿ ಟಂಗ್‌ಸ್ಟನ್ ಅಲ್ಲೇ ಇಳಿಯುತ್ತದೆ. ಗಾಜು ಕಪ್ಪಾಗುವುದಿಲ್ಲ. ಈ ಸುತ್ತು ನಡೆಯಬೇಕಾದರೆ ಗಾಜಿನ ಗೋಡೆಯೇ 250 ಡಿಗ್ರಿ ಆಸುಪಾಸು ಅಥವಾ ಅದಕ್ಕಿಂತ ಬಿಸಿ ಇರಬೇಕು. ಅದಕ್ಕೇ ಬಲ್ಬ್ ಅಷ್ಟು ಚಿಕ್ಕದು, ಅದಕ್ಕೇ ಮಾಮೂಲಿ ಗಾಜಿನ ಬದಲು ಕ್ವಾರ್ಟ್ಜ್.

ಆದರೆ ತೊಡಕು ಇರುವುದು ಇಲ್ಲಿ. ಹಿಂತಿರುಗಿದ ಟಂಗ್‌ಸ್ಟನ್ ಎಲ್ಲಿ ಸವೆದಿತ್ತೋ ಅಲ್ಲಿಗೇ ಹೋಗಿ ಕೂರುವುದಿಲ್ಲ. ತಂತಿಯಲ್ಲಿ ಸ್ವಲ್ಪ ತಂಪಾಗಿರುವ ಭಾಗದಲ್ಲಿ ಕೂರುತ್ತದೆ. ಸವೆದು ತೆಳುವಾದ ಜಾಗ ಮಿಕ್ಕ ಜಾಗಕ್ಕಿಂತ ಬಿಸಿಯಾಗಿರುತ್ತದೆ, ಬಿಸಿ ಜಾಸ್ತಿಯಾದ್ದರಿಂದ ಇನ್ನೂ ಬೇಗ ಸವೆಯುತ್ತದೆ. ಕೊನೆಗೊಂದು ದಿನ ಅಲ್ಲೇ ತುಂಡಾಗುತ್ತದೆ. ಹಾಗಾಗಿ ಹಳೇ ಬಲ್ಬಿಗೆ ಸುಮಾರು 1000 ಗಂಟೆ ಆಯುಸ್ಸಾದರೆ ಮಾಮೂಲಿ ಹ್ಯಾಲೋಜನ್‌ಗೆ ಸುಮಾರು 2000 ಗಂಟೆ. ದಿನಕ್ಕೆ ಐದು ಗಂಟೆ ಉರಿಸುವ ಮನೆಯಲ್ಲಿ ಒಂದು ವರ್ಷ ಚಿಲ್ಲರೆ. ಅಷ್ಟು ಬಂದರೆ ಅದು ತನ್ನ ಪಾಲಿನ ಕೆಲಸ ಮಾಡಿದೆ ಅಂತಲೇ ಲೆಕ್ಕ.

ಪ್ರಶ್ನೆ: ಸ್ವಿಚ್ ಹಾಕಿದ ಕೂಡಲೇ ಫಟ್ ಅಂತ ಬಲ್ಬ್ ಹೋಗುತ್ತೆ, ಜೊತೆಗೇ ಎಂಸಿಬಿ (ಕರೆಂಟು ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತೆ. ವೈರಿಂಗ್‌ನಲ್ಲಿ ಶಾರ್ಟ್ ಇದೆಯಾ?
— ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಗಾಬರಿ ಬೇಡ ಸರ್, ಸಾಮಾನ್ಯವಾಗಿ ವೈರಿಂಗ್ ಸರಿಯಾಗೇ ಇರುತ್ತದೆ. ತಣ್ಣಗಿರುವ ತಂತಿ ಕರೆಂಟನ್ನು ಸುಲಭವಾಗಿ ಬಿಡುತ್ತದೆ. ಕಾದ ಮೇಲೆ ಎಳೆಯುವುದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಕರೆಂಟು ಸ್ವಿಚ್ ಹಾಕಿದ ಆ ಕ್ಷಣಕ್ಕೆ ನುಗ್ಗುತ್ತದೆ. ಆಗಲೇ ಸವೆದಿರುವ ತಂತಿ ಆ ಏಟಿಗೆ ತುಂಡಾಗುತ್ತದೆ. ತುಂಡಾದ ಎರಡು ತುದಿಗಳ ನಡುವೆ ಒಂದು ಕ್ಷಣ ಕಿಡಿ ಹತ್ತಿಕೊಂಡು ತುಂಬ ಕರೆಂಟು ಹರಿಯುತ್ತದೆ, ಎಂಸಿಬಿ ಬೀಳುತ್ತದೆ. ಅದು ತನ್ನ ಕೆಲಸ ಮಾಡಿದೆ. ಬಲ್ಬ್ ತೆಗೆದು ಎಂಸಿಬಿ ಮೇಲೆತ್ತಿ. ನಿಂತರೆ ಸರಿ. ಬಲ್ಬ್ ಇಲ್ಲದಿದ್ದರೂ ಮತ್ತೆ ಬಿದ್ದರೆ ಆಗ ಎಲೆಕ್ಟ್ರಿಷಿಯನ್‌ನ ಕರೆಸಿ.

ಪ್ರಶ್ನೆ: ನಮ್ಮದು ಅಡಿಕೆ ತೋಟ. ಕೊಯ್ಲಿನ ಸಮಯದಲ್ಲಿ ಅಂಗಳದಲ್ಲಿ ರಾತ್ರಿ ಹೊತ್ತು ಸುಲಿಯುವ ಕೆಲಸ ಇರ್ತದೆ. ಅದಕ್ಕೆ ಮಾಡಿನ ಅಂಚಿಗೆ ಎರಡು 500 ವ್ಯಾಟ್ ಹ್ಯಾಲೋಜನ್ ಫೋಕಸ್ ಲೈಟ್ ಕಟ್ಟಿದ್ದೇವೆ. ಉದ್ದ ಕಡ್ಡಿ ಥರದ ಬಲ್ಬ್. ಹೊಸದು ಹಾಕಿ ವಾರ ಕಳೆಯೋದರೊಳಗೆ ಹೋಗಿದ್ದೂ ಉಂಟು. ಏನು ಮಾಡೋದು?
— ಕೃಷಿಕರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮಲ್ಲಿ ಒಂದಲ್ಲ, ನಾಲ್ಕೈದು ಕಾರಣ ಸೇರಿರಬಹುದು. ಒಂದೊಂದಾಗಿ ನೋಡಿ.

ಲೈಟನ್ನು ಹೇಗೆ ಕಟ್ಟಿದ್ದೀರಿ? ಅಂಗಳದ ಮೂಲೆಗೆ ಬೆಳಕು ಬೀಳಲಿ ಅಂತ ಪೆಟ್ಟಿಗೆಯನ್ನೇ ಒಂದು ಪಕ್ಕಕ್ಕೆ ವಾಲಿಸಿ ಕಟ್ಟುವುದು ಎಲ್ಲ ಕಡೆ ಇದೆ. ಕಡ್ಡಿ ಬಲ್ಬಿಗೆ ಇದು ಆಗುವುದಿಲ್ಲ. ಅದು ಅಡ್ಡಡ್ಡ, ನೆಲಕ್ಕೆ ಸಮನಾಗಿ ಮಲಗಿರಬೇಕು. ಒಂದು ತುದಿ ಇಳಿದರೆ ಒಳಗಿನ ಸುರುಳಿ ಆ ಕಡೆ ಜಗ್ಗುತ್ತದೆ, ಹ್ಯಾಲೋಜನ್ ಕೂಡ ಕೆಳತುದಿಗೆ ಸರಿಯುತ್ತದೆ. ಮೇಲಿನ ತುದಿ ಕಪ್ಪಾಗಿ ಬಲ್ಬ್ ಹೋಗುತ್ತದೆ. ಗಾರೆಯವರ ರಸಮಟ್ಟ ಇಟ್ಟು ನೋಡಿ ಕಟ್ಟಿ. ಮುಖವನ್ನು ಮೇಲೆ ಕೆಳಗೆ ಬಗ್ಗಿಸಬಹುದು, ಪಕ್ಕಕ್ಕೆ ವಾಲಿಸಬಾರದು.

ಆಮೇಲೆ ಬಲ್ಬ್ ಹಾಕಿದ ಕೈ. ಅಡಿಕೆ ಸುಲಿದ ಕೈ, ಬೆವರಿದ ಕೈ, ಎಣ್ಣೆ ಕೈ ಯಾವುದೂ ಆ ಗಾಜಿಗೆ ತಾಗಬಾರದು. ಬೆವರಿನ ಉಪ್ಪು ಮತ್ತು ಚರ್ಮದ ಜಿಡ್ಡು ಕಾದ ಕ್ವಾರ್ಟ್ಜ್ ಗಾಜಿನ ಗುಣವನ್ನೇ ಕೆಡಿಸುತ್ತವೆ. ಮುಟ್ಟಿದ ಜಾಗ ಹಾಲುಬಣ್ಣಕ್ಕೆ ತಿರುಗಿ, ಅಲ್ಲಿ ಕಾವು ಹೆಚ್ಚಿ, ಗಾಜು ಉಬ್ಬುತ್ತದೆ ಅಥವಾ ಒಡೆಯುತ್ತದೆ. ಬಲ್ಬ್ ಬಂದ ಪ್ಲಾಸ್ಟಿಕ್ ಹೊದಿಕೆಯಲ್ಲೇ ಹಿಡಿದು ಕೂರಿಸಿ, ಆಮೇಲೆ ಹೊದಿಕೆ ಎಳೆಯಿರಿ. ಕೈ ತಾಗಿಬಿಟ್ಟರೆ ಸ್ಪಿರಿಟ್ ಅದ್ದಿದ ಶುಭ್ರ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಸ್ವಿಚ್ ಹಾಕಿ. ಕಾರು ಜೀಪಿನ ಹೆಡ್‌ಲೈಟ್‌ನ ಹ್ಯಾಲೋಜನ್ ಬಲ್ಬಿಗೂ ಇದೇ ಮಾತು.

ಬಲ್ಬಿನ ಉದ್ದ ಒಂದೇ ಇದ್ದರೆ ಸಾಲದು. 118 ಮಿಲಿಮೀಟರ್ ಉದ್ದದ ಕಡ್ಡಿ ಬಲ್ಬುಗಳಲ್ಲಿ 500 ವ್ಯಾಟ್‌ನದೂ ಇದೆ, 300 ವ್ಯಾಟ್‌ನದೂ ಇದೆ, ಅದಕ್ಕಿಂತ ಕಡಿಮೆಯದೂ ಇದೆ. 300 ವ್ಯಾಟಿಗೆ ಅಂತ ಮಾಡಿದ ಸಣ್ಣ ಪೆಟ್ಟಿಗೆಗೆ 500 ವ್ಯಾಟ್ ಬಲ್ಬ್ ಸರಿಯಾಗಿಯೇ ಕೂರುತ್ತದೆ, ಆದರೆ ಒಳಗಿನ ಕಾವು ತಡೆಯುವುದಿಲ್ಲ. ಪೆಟ್ಟಿಗೆಯ ಹಿಂಬದಿ ಬರೆದಿರುವ ವ್ಯಾಟ್ ಓದಿ. ಎರಡು ತುದಿಯ ಪಿಂಗಾಣಿ ಒಳಗಿನ ಸ್ಪ್ರಿಂಗನ್ನೂ ಬೆರಳಲ್ಲಿ ಒತ್ತಿ ನೋಡಿ, ಮೇನ್ ಆಫ್ ಮಾಡಿ ನೋಡಿ. ಪುಟಿಯದಿದ್ದರೆ ಅಲ್ಲೂ ಕಿಡಿ ಹಾರುತ್ತಿದೆ ಅಂತಲೇ.

ಮುಂದಿನ ಗಾಜು ಒಡೆದಿದೆಯಾ, ರಬ್ಬರ್ ಅಂಚು ಒಣಗಿ ಬಿರಿದಿದೆಯಾ? ನಿಮ್ಮ ಕಡೆಯ ಮಳೆಗೆ ಕಾದ ಬಲ್ಬಿನ ಮೇಲೆ ಒಂದು ಹನಿ ಬಿದ್ದರೂ ಗಾಜು ಸಿಡಿಯಬಹುದು. ಒಳಗಿನ ಅನಿಲ ಒತ್ತಡದಲ್ಲಿ ಇರುವುದರಿಂದ ಚೂರುಗಳು ಹಾರುತ್ತವೆ. ಕೆಳಗೆ ಸುಲಿಯುತ್ತಾ ಕೂತವರಿರುತ್ತಾರೆ, ಮಕ್ಕಳಿರುತ್ತಾರೆ. ಮುಂಗಾಜು ಇಲ್ಲದ ಹ್ಯಾಲೋಜನ್ ಲೈಟನ್ನು ಉರಿಸಲೇಬೇಡಿ. ಇದನ್ನು ಮಾತ್ರ ದಯವಿಟ್ಟು ಮುಂದಕ್ಕೆ ಹಾಕಬೇಡಿ.

ಕೊನೆಯದು ವೋಲ್ಟೇಜ್. ನಿಮ್ಮ ಮನೆ ಟಿಸಿಗೆ (ಊರಿಗೆ ಕರೆಂಟ್ ಕೊಡುವ ಟ್ರಾನ್ಸ್‌ಫಾರ್ಮರ್‌ಗೆ) ಹತ್ತಿರ ಇದೆಯಾ? ಹಗಲು ಪಂಪ್‌ಸೆಟ್‌ಗಳೆಲ್ಲ ಓಡುವಾಗ ಇಳಿದಿರುವ ವೋಲ್ಟೇಜ್ ರಾತ್ರಿ ಅವು ನಿಂತ ಮೇಲೆ ಏರುತ್ತದೆ, ಟಿಸಿ ಹತ್ತಿರದ ಮನೆಗಳಲ್ಲಿ ಇನ್ನೂ ಜಾಸ್ತಿ. ತಂತಿ ಬಲ್ಬುಗಳು ಇದನ್ನು ಸ್ವಲ್ಪವೂ ಸಹಿಸುವುದಿಲ್ಲ. ವೋಲ್ಟೇಜ್ ನೂರಕ್ಕೆ ಐದು ಏರಿದರೆ ಆಯುಸ್ಸು ಹೆಚ್ಚುಕಡಿಮೆ ಅರ್ಧ. 230 ಇರಬೇಕಾದ ಕಡೆ 253 ಬಂದರೆ ಮೂರನೇ ಒಂದು ಪಾಲೂ ಉಳಿಯುವುದಿಲ್ಲ. ಸಂಜೆ ಏಳಕ್ಕೆ ಒಮ್ಮೆ, ರಾತ್ರಿ ಹನ್ನೊಂದಕ್ಕೆ ಒಮ್ಮೆ ಮೀಟರ್ ಇಟ್ಟು ಅಳೆಯಿರಿ, ಬರೆದಿಡಿ. ದಿನಾ 250 ದಾಟುತ್ತಿದ್ದರೆ ಬರೆದಿಟ್ಟ ಲೆಕ್ಕದ ಸಮೇತ ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಿ. ಟಿಸಿಯಲ್ಲಿ ವೋಲ್ಟೇಜ್ ಇಳಿಸುವ ಟ್ಯಾಪ್ ಇದ್ದರೆ ಅದನ್ನು ಅವರೇ ಸರಿಪಡಿಸಬೇಕು. ಸದ್ಯಕ್ಕೆ 240 ವೋಲ್ಟ್ ಅಂತ ಬರೆದಿರುವ ಬಲ್ಬ್ ಸಿಕ್ಕರೆ ಅದನ್ನೇ ಹಾಕಿ, ಸ್ವಲ್ಪ ಜಾಸ್ತಿ ತಾಳುತ್ತದೆ. ಕರೆಂಟ್ ಹೋದ ಕೂಡಲೇ ಸ್ವಿಚ್ ಆಫ್ ಮಾಡಿ, ಬಂದು ಐದು ನಿಮಿಷ ಆದ ಮೇಲೆ ಹಾಕಿ.

ಆದರೆ ನಿಜ ಹೇಳಬೇಕೆಂದರೆ ಅಂಗಳದ ಕೆಲಸಕ್ಕೆ 50 ವ್ಯಾಟ್‌ನ ಎಲ್‌ಇಡಿ ಫ್ಲಡ್ ಲೈಟ್ ಹಾಕುವ ಕಾಲ ಬಂದಿದೆ. ನಿಮ್ಮ ಎರಡು ಲೈಟ್ ನಾಲ್ಕು ಗಂಟೆ ಉರಿದರೆ 4 ಯೂನಿಟ್. ಅದೇ ಹೊತ್ತಿಗೆ ಎರಡು ಎಲ್‌ಇಡಿ ತೆಗೆದುಕೊಳ್ಳುವುದು ಅರ್ಧ ಯೂನಿಟ್ಟಿಗೂ ಕಡಿಮೆ.

ಪ್ರಶ್ನೆ: ನಮ್ಮ ಮನೆಗೆ ತ್ರೀ ಫೇಸ್ ಇದೆ. ನಾಲ್ಕು ದಿನದಿಂದ ಒಂದು ರೂಮಿನ ಲೈಟ್ ಇದ್ದಕ್ಕಿದ್ದಂತೆ ಝಗ್ ಅಂತ ಜಾಸ್ತಿ ಉರಿಯುತ್ತೆ, ಅದೇ ಹೊತ್ತಿಗೆ ಇನ್ನೊಂದು ರೂಮಿನದು ಮಂಕಾಗುತ್ತೆ. ಎರಡು ಹ್ಯಾಲೋಜನ್, ಒಂದು ಮೊಬೈಲ್ ಚಾರ್ಜರ್ ಸುಟ್ಟಿವೆ. ಯಾವ ಬಲ್ಬ್ ತಗೊಳ್ಳಲಿ?
— ಓದುಗರು, ಹುಬ್ಬಳ್ಳಿ

ಉತ್ತರ: ಬಲ್ಬ್ ವಿಷಯ ಬಿಡಿ. ಮೊದಲು ಮೇನ್ ಸ್ವಿಚ್ ಆಫ್ ಮಾಡಿ. ನಿಮ್ಮ ಪತ್ರ ಕೈಗೆ ಬಂದ ದಿನವೇ ನಿಮಗೆ ಫೋನ್ ಮಾಡಿ ಇದನ್ನು ಹೇಳಿದ್ದೇವೆ. ಬೇರೆಯವರಿಗೂ ಗೊತ್ತಿರಲಿ ಅಂತ ಇಲ್ಲಿ ಬರೆಯುತ್ತಿದ್ದೇವೆ.

ಇದು ನ್ಯೂಟ್ರಲ್ (ಕರೆಂಟು ವಾಪಸ್ ಹೋಗುವ ವಯರ್) ಸಡಿಲವಾದ ಲಕ್ಷಣ. ತ್ರೀ ಫೇಸ್ ಮನೆಯಲ್ಲಿ ಒಂದೊಂದು ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್ ಇರುತ್ತದೆ, ಎರಡು ಫೇಸ್‌ಗಳ ನಡುವೆ ಸುಮಾರು 400. ನ್ಯೂಟ್ರಲ್ ಕಟ್ ಆದರೆ ಆ 400 ವೋಲ್ಟ್ ನಿಮ್ಮ ರೂಮುಗಳ ನಡುವೆ ಹಂಚಿಹೋಗುತ್ತದೆ, ಅದೂ ಸಮನಾಗಿ ಅಲ್ಲ. ಲೋಡ್ ಜಾಸ್ತಿ ಇರುವ ಕಡೆ ವೋಲ್ಟೇಜ್ ಇಳಿಯುತ್ತದೆ, ಕಡಿಮೆ ಇರುವ ಕಡೆ 300 ದಾಟಬಹುದು. ಒಂದು ರೂಮು ಮಂಕು, ಇನ್ನೊಂದು ಝಗ್ ಅಂತ ಇರುವುದು ಇದಕ್ಕೇ. ಮೊದಲು ಹೋಗುವುದು ಬಲ್ಬು, ಆಮೇಲೆ ಟಿವಿ, ಫ್ರಿಜ್ಜು. ಕಾದ ವಯರಿನಿಂದ ಬೆಂಕಿಯೂ ಹತ್ತಬಹುದು.

ಸಡಿಲ ಇರುವುದು ನಿಮ್ಮ ಮೀಟರ್ ಬೋರ್ಡ್‌ನಲ್ಲಿ ಇರಬಹುದು, ಕಂಬದ ಮೇಲೆ ಇರಬಹುದು. ಅಕ್ಕಪಕ್ಕದ ಮನೆಯಲ್ಲೂ ಹೀಗೇ ಆಗುತ್ತಿದೆಯಾ ಕೇಳಿ. ಆಗುತ್ತಿದ್ದರೆ ಕಂಬದ ಕಡೆಯದು, ಕರೆಂಟ್ ದೂರಿನ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ‘ನ್ಯೂಟ್ರಲ್ ಕಟ್ ಆಗಿದೆ, ವೋಲ್ಟೇಜ್ ಏರುತ್ತಿದೆ’ ಅಂತ ಇದೇ ಮಾತಿನಲ್ಲಿ ಹೇಳಿ. ಸುಮ್ನೆ ‘ಕರೆಂಟ್ ಸರಿಯಿಲ್ಲ’ ಅಂದರೆ ಇದರ ಅವಸರ ಗೊತ್ತಾಗುವುದಿಲ್ಲ. ಪರಿಚಯದ ಹುಡುಗನನ್ನು ಕಂಬ ಹತ್ತಿಸಬೇಡಿ. ಸರಿಯಾದ ಮೇಲೆ ನಿಮ್ಮ ಮನೆಯ ಎಲ್ಲ ಫೇಸ್‌ಗಳನ್ನೂ ಮೀಟರ್ ಇಟ್ಟು ಅಳೆಸಿ, ಆಮೇಲೆ ಒಂದೊಂದೇ ಸ್ವಿಚ್ ಹಾಕಿ.

ಪ್ರಶ್ನೆ: ಹ್ಯಾಲೋಜನ್ ಸಹವಾಸ ಸಾಕು ಅಂತ ಅದೇ ಹೋಲ್ಡರ್‌ಗೆ ಕೂರುವ ಎಲ್‌ಇಡಿ ಬಲ್ಬ್ ತಂದೆ. ಮಿಣುಕ್ ಮಿಣುಕ್ ಅಂತ ಮಿನುಗುತ್ತೆ. ಬಲ್ಬ್ ಡೂಪ್ಲಿಕೇಟಾ?
— ಐಟಿ ಉದ್ಯೋಗಿ, ಬೆಂಗಳೂರು

ಉತ್ತರ: ಬಲ್ಬ್ ಸರಿಯಾಗಿಯೇ ಇರಬಹುದು. ಹ್ಯಾಲೋಜನ್‌ಗೆ ಅಂತ ಹಾಕಿದ ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರ್ ಕೆಲಸ ಶುರು ಮಾಡಬೇಕಾದರೆ ಅದಕ್ಕೆ ಕನಿಷ್ಠ ಲೋಡ್ ಬೇಕು. ಅದರ ಮೇಲೆ 20–60 ವ್ಯಾಟ್ ಅಂತ ಬರೆದಿರುತ್ತದೆ ನೋಡಿ. ನಿಮ್ಮ ಎಲ್‌ಇಡಿ 5 ಅಥವಾ 6 ವ್ಯಾಟ್. ಲೋಡ್ ಸಾಲದೆ ಅದು ಆನ್ ಆಗುತ್ತದೆ, ಆಫ್ ಆಗುತ್ತದೆ. ಆ ಟ್ರಾನ್ಸ್‌ಫಾರ್ಮರ್ ತೆಗೆಸಿ ಎಲ್‌ಇಡಿ ಡ್ರೈವರ್ (ಎಲ್‌ಇಡಿಗೆ ಬೇಕಾದಷ್ಟೇ ಕರೆಂಟು ಕೊಡುವ ಸಾಧನ) ಹಾಕಿಸಿ, ಇಲ್ಲವೇ ನೇರ 230 ವೋಲ್ಟಿನ ಎಲ್‌ಇಡಿ ಸ್ಪಾಟ್ ಲೈಟನ್ನೇ ಹಾಕಿಸಿ. ಬೆಳಕು ಏರಿಳಿಸುವ ಡಿಮ್ಮರ್ ಇದ್ದರೆ ಅದನ್ನೂ ಎಲ್‌ಇಡಿಗೆ ಹೊಂದುವಂಥದ್ದಕ್ಕೆ ಬದಲಾಯಿಸಬೇಕು.

ಉಳಿತಾಯ ಕಡಿಮೆಯೇನಲ್ಲ. 50 ವ್ಯಾಟಿನ ಆರು ಹ್ಯಾಲೋಜನ್ ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 45 ಯೂನಿಟ್. 6 ವ್ಯಾಟಿನ ಆರು ಎಲ್‌ಇಡಿಗೆ 5 ಯೂನಿಟ್ ಚಿಲ್ಲರೆ. ಯುರೋಪ್ ಒಕ್ಕೂಟದಲ್ಲಿ ಮನೆಯ ಮಾಮೂಲಿ ಹ್ಯಾಲೋಜನ್ ಬಲ್ಬುಗಳನ್ನು 2018ರ ಸೆಪ್ಟೆಂಬರ್‌ನಿಂದಲೇ ಮಾರುಕಟ್ಟೆಗೆ ಬಿಡುವುದನ್ನು ನಿಲ್ಲಿಸಿದ್ದಾರೆ. ನಮ್ಮಲ್ಲೂ ಅಂಗಡಿಗಳಲ್ಲಿ ಒಳ್ಳೆಯ ಹ್ಯಾಲೋಜನ್ ಸಿಗುವುದು ಕಡಿಮೆಯಾಗುತ್ತಿದೆ.

ಆದರೆ ವೋಲ್ಟೇಜ್ ಏರುವ ಮನೆಯಲ್ಲಿ, ನ್ಯೂಟ್ರಲ್ ಸಡಿಲ ಇರುವ ಮನೆಯಲ್ಲಿ ಎಲ್‌ಇಡಿಯೂ ಉಳಿಯುವುದಿಲ್ಲ. ಗಾಳಿಯಾಡದ ಸೀಲಿಂಗ್ ಒಳಗೆ ಅದರ ಡ್ರೈವರ್ ಕಾದು ಸಾಯುತ್ತದೆ. ಮೊದಲು ಆ ದೋಷ ಸರಿಪಡಿಸಿ, ಆಮೇಲೆ ಬಲ್ಬ್ ಬದಲಾಯಿಸಿ.

ಪ್ರಶ್ನೆ: ಅಡುಗೆಮನೆ ಚಿಮ್ನಿಯ ಸಣ್ಣ ಹ್ಯಾಲೋಜನ್ ಬಲ್ಬ್ ಆಗಾಗ ಹೋಗುತ್ತೆ. ಅದಕ್ಕೂ ಎಲ್‌ಇಡಿ ಹಾಕಬಹುದಾ? ಓವನ್ ಒಳಗಿನದಕ್ಕೆ?
— ಓದುಗರು, ಉಡುಪಿ

ಉತ್ತರ: ಚಿಮ್ನಿಗೆ ಹಾಕಬಹುದು, ವೋಲ್ಟ್ ಮತ್ತು ಪಿನ್ ಹೊಂದಬೇಕು ಅಷ್ಟೇ. ಅಲ್ಲಿ ಒಗ್ಗರಣೆಯ ಜಿಡ್ಡು ಬಲ್ಬ್ ಮೇಲೂ ಹೋಲ್ಡರ್ ಮೇಲೂ ಕೂರುತ್ತದೆ, ಫ್ಯಾನಿನ ಅದುರು ಬೇರೆ. ಫಿಲ್ಟರ್ ತೊಳೆಯುವ ದಿನವೇ ಬಲ್ಬಿನ ಮುಂದಿನ ಗಾಜನ್ನೂ ಬಿಚ್ಚಿ ಒರೆಸಿ, ಒಣಗಿಸಿ ಹಾಕಿ. ಓವನ್ ಒಳಗೆ ಮಾತ್ರ ಎಲ್‌ಇಡಿ ಬೇಡ, ಆ ಕಾವು ಅದಕ್ಕೆ ಆಗುವುದಿಲ್ಲ. ಓವನ್‌ಗೆಂದೇ ಮಾಡಿದ, 300 ಡಿಗ್ರಿ ಅಂತ ಬರೆದಿರುವ ಬಲ್ಬನ್ನೇ ಕೇಳಿ ತನ್ನಿ.